ನೀವು ಪ್ರವಾಸದಲ್ಲಿರುವಾಗ ಬೊನ್ಸಾಯ್ ಒಣಗದಿರಲು

ಪ್ರವಾಸದ ಟಿಕೆಟ್ ಕಾಯ್ದಿರಿಸಿದ ದಿನವೇ ಬೊನ್ಸಾಯ್ ಸಾಕುವವರ ತಲೆಯಲ್ಲಿ ಇನ್ನೊಂದು ಲೆಕ್ಕ ಶುರುವಾಗುತ್ತದೆ: ಅಷ್ಟು ದಿನ ಮರಗಳ ಗತಿಯೇನು? ನೆಲದಲ್ಲಿ ಬೆಳೆದ ಮರಕ್ಕೆ ನೀರು ಸಾಲದಾದರೆ ಆಳಕ್ಕೂ ಅಗಲಕ್ಕೂ ಹರಡಿದ ಬೇರುಗಳು ಎಲ್ಲಿಂದಲಾದರೂ ತೇವವನ್ನು ಎಳೆದು ತರುತ್ತವೆ. ಬೊನ್ಸಾಯ್‌ಗೆ ಆ ದಾರಿಯಿಲ್ಲ. ನಾಲ್ಕೈದು ಸೆಂಟಿಮೀಟರ್ ಆಳದ ಕುಂಡ, ನೀರು ನಿಲ್ಲದಿರಲೆಂದೇ ಬೆರೆಸಿದ ಹರಳು ಹರಳಾದ ಮಿಶ್ರಣ, ಅದರ ತುಂಬ ಹೆಣೆದುಕೊಂಡ ಬೇರು. ಬಿಸಿಲುಗಾಲದಲ್ಲಿ ಇಂಥ ಕುಂಡ ಒಂದೇ ದಿನಕ್ಕೆ ಒಣಗಿಬಿಡುತ್ತದೆ. ಗಾಳಿಯೂ ಜೋರಾಗಿದ್ದರೆ ದಿನಕ್ಕೆ ಎರಡು ಹೊತ್ತು ನೀರು ಬೇಕು.

ಹೊರಡುವ ಮುನ್ನ ಹೆಚ್ಚಿನವರು ಹುಡುಕುವುದು ನೀರುಣಿಸುವ ಸಾಧನವನ್ನು. ನನ್ನ ಅನಿಸಿಕೆಯಲ್ಲಿ ಅದು ಹಿಂದುಮುಂದಾದ ಕ್ರಮ. ಮೊದಲು ಮರದ ದಾಹವನ್ನು ತಗ್ಗಿಸಬೇಕು. ಉಳಿದ ದಾಹಕ್ಕೆ ಮಾತ್ರ ನೀರಿನ ಏರ್ಪಾಡು ಮಾಡಬೇಕು. ಆ ಏರ್ಪಾಡನ್ನು ನಾವು ಮನೆಯಲ್ಲಿರುವಾಗಲೇ ನಡೆಸಿ ನೋಡಬೇಕು. ಇದಕ್ಕೆಲ್ಲ ಕನಿಷ್ಠ ಎರಡು ವಾರದ ಸಿದ್ಧತೆ ಇರಲಿ.

ಮೊದಲು ತೂಕ ಮಾಡಿ

ಅಡುಗೆಮನೆಯ ತೂಕದ ಯಂತ್ರ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ತಳದಿಂದ ಹನಿಯುವುದು ನಿಂತ ಮೇಲೆ ತೂಕ ನೋಡಿ ಬರೆದಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ, ನೀರು ಹಾಕುವ ಮುನ್ನ, ಮತ್ತೆ ತೂಗಿ. ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ನೀರು. ತೂಕ 300 ಗ್ರಾಂ ಇಳಿದಿದ್ದರೆ ಮರ ಮತ್ತು ಮಣ್ಣು ಸೇರಿ ದಿನಕ್ಕೆ 300 ಮಿಲಿಲೀಟರ್ ಖರ್ಚು ಮಾಡಿವೆ ಎಂದರ್ಥ. ಹತ್ತು ದಿನಕ್ಕೆ ಮೂರು ಲೀಟರ್. ಮುಂದೆ ಹೇಳುವ ಬತ್ತಿಗೆ ಎಷ್ಟು ದೊಡ್ಡ ನೀರಿನ ಪಾತ್ರೆ ಇಡಬೇಕು, ನಲ್ಲಿಯ ಟೈಮರ್‌ಗೆ ಎಷ್ಟು ನಿಮಿಷ ಹೊಂದಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಈ ಅಂಕಿಯಿಂದಲೇ. ಯಂತ್ರಕ್ಕೆ ಹಿಡಿಸದ ದೊಡ್ಡ ಕುಂಡವಾದರೆ ಒಂದು ಅಂಚನ್ನು ಕೈಯಿಂದ ಎತ್ತಿ ಅಂದಾಜು ಮಾಡುವುದನ್ನು ರೂಢಿಸಿಕೊಳ್ಳಿ.

ಎಲ್ಲ ಮರಗಳ ದಾಹವೂ ಒಂದೇ ಅಲ್ಲ. ಜೇಡ್ ಮತ್ತು ಅಡೇನಿಯಂ ಕಾಂಡದಲ್ಲೂ ಎಲೆಯಲ್ಲೂ ನೀರು ಕೂಡಿಟ್ಟುಕೊಳ್ಳುತ್ತವೆ. ನೆರಳಿಗೆ ಸರಿಸಿದರೆ ಒಂದು ವಾರ ನೀರಿಲ್ಲದೆ ನಿಶ್ಚಿಂತೆಯಿಂದ ಕಳೆಯುತ್ತವೆ. ಇವುಗಳಿಗೆ ಅತಿ ನೀರೇ ಅಪಾಯ. ಪೈನ್ ಮತ್ತು ಜುನಿಪರ್ ಸ್ವಲ್ಪ ಒಣಗನ್ನು ತಡೆದುಕೊಳ್ಳಬಲ್ಲವಾದರೂ ಸದಾ ಒದ್ದೆಯಾದ ಬೇರನ್ನು ಸಹಿಸುವುದಿಲ್ಲ. ಆಲ, ಅತ್ತಿಯ ಜಾತಿಯವು ಎರಡಕ್ಕೂ ಹೊಂದಿಕೊಳ್ಳುತ್ತವೆ. ತೆಳು ಎಲೆಯ ಮೇಪಲ್ ಒಂದು ದಿನ ನೀರು ತಪ್ಪಿದರೂ ಎಲೆಯಂಚು ಸುಟ್ಟುಕೊಳ್ಳುತ್ತದೆ. ಇನ್ನು ಅಂಗೈಯಗಲದ ಪುಟ್ಟ ಕುಂಡಗಳು ಯಾವ ಜಾತಿಯದಾದರೂ ಎಲ್ಲಕ್ಕಿಂತ ಮೊದಲು ಒಣಗುವುದರಿಂದ ಹೆಚ್ಚಿನ ಕಾಳಜಿ ಅವಕ್ಕೇ ಸಲ್ಲಬೇಕು.

ದಾಹ ತಗ್ಗಿಸುವ ಕೆಲಸ

ಕುಂಡದ ನೀರು ಹೊರಹೋಗುವುದು ಎರಡು ದಾರಿಯಲ್ಲಿ: ಎಲೆಗಳ ಮೂಲಕ ಮತ್ತು ಮಣ್ಣಿನ ಮೇಲ್ಮೈಯಿಂದ. ಬಿಸಿಲು, ಗಾಳಿ, ಒಣ ಹವೆ ಎರಡನ್ನೂ ಚುರುಕುಗೊಳಿಸುತ್ತವೆ. ಆದ್ದರಿಂದ ಹೊರಡುವುದಕ್ಕೆ ಕೆಲವು ದಿನ ಮೊದಲೇ ಮರಗಳನ್ನು ಬೆಳಕು ಚೆನ್ನಾಗಿರುವ, ನೇರ ಬಿಸಿಲು ಬೀಳದ, ಗಾಳಿ ನುಗ್ಗದ ಮೂಲೆಗೆ ಸರಿಸಿ, ಒಂದಕ್ಕೊಂದು ಹತ್ತಿರ ಇಡಿ. ಗುಂಪಾಗಿದ್ದಾಗ ಎಲೆಗಳ ಸುತ್ತ ತೇವ ನಿಲ್ಲುತ್ತದೆ. ಕುಂಡಗಳನ್ನು ನೆಲದ ಮಟ್ಟಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು, ಆದರೆ ಕಾದ ಕಾಂಕ್ರೀಟಿನ ಮೇಲೆ ಬೇಡ. ಜಾಗ ಬದಲಿಸಿದ ಮೇಲೆ ಮತ್ತೊಮ್ಮೆ ತೂಕ ನೋಡಿ. ಅಂಕಿ ಎಷ್ಟು ಇಳಿದಿದೆ ಎಂಬುದನ್ನು ಕಂಡರೆ ನೆರಳಿನ ಬೆಲೆ ಅರ್ಥವಾಗುತ್ತದೆ.

ಹೊರಗೆ ಬೆಳೆದ ಮರಗಳನ್ನು ಸುರಕ್ಷಿತವೆಂದು ಭಾವಿಸಿ ಮನೆಯೊಳಗೆ ಬೀಗ ಹಾಕಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತಲು, ಆಡದ ಗಾಳಿ, ಮುಚ್ಚಿದ ಕಿಟಕಿ ಇವು ಎರಡು ವಾರದಲ್ಲಿ ಮರವನ್ನು ನೀರಿನ ಕೊರತೆಯಷ್ಟೇ ಹಾಳು ಮಾಡಬಲ್ಲವು.

ಮಣ್ಣಿನ ಮೇಲೆ ನೆನೆಸಿ ಹಿಂಡಿದ ಸ್ಫ್ಯಾಗ್ನಂ ಪಾಚಿಯನ್ನು (ನೀರನ್ನು ಹೀರಿ ಹಿಡಿದಿಡುವ ಒಂದು ಬಗೆಯ ಪಾಚಿ) ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಪಾಚಿ ಇಲ್ಲದಿದ್ದರೆ ಒದ್ದೆ ಹತ್ತಿ ಬಟ್ಟೆಯ ತುಂಡೂ ನಡೆಯುತ್ತದೆ. ಉದ್ದಕ್ಕೆ ಚಾಚಿದ ಚಿಗುರುಗಳನ್ನು ಹಗುರವಾಗಿ ಸವರಬಹುದು. ಎಲೆ ಕಡಿಮೆಯಾದಷ್ಟೂ ನೀರಿನ ಖರ್ಚು ಕಡಿಮೆ. ಆದರೆ ಕುಂಡ ಬದಲಿಸುವುದು, ಬೇರು ಕತ್ತರಿಸುವುದು, ದೊಡ್ಡ ಕೊಂಬೆ ತೆಗೆಯುವುದು ಇವನ್ನೆಲ್ಲ ಮುಂದಕ್ಕೆ ಹಾಕಿ. ಗೊಬ್ಬರವನ್ನೂ ನಿಲ್ಲಿಸಿ: ಅದು ಹೊಸ ಚಿಗುರನ್ನು ಹೊರಡಿಸಿ ದಾಹ ಹೆಚ್ಚಿಸುತ್ತದೆ, ಮಣ್ಣು ಒಣಗಿದಾಗ ಅದರ ಲವಣ ಬೇರನ್ನು ಸುಡುತ್ತದೆ.

ಎರಡು ಮೂರು ದಿನಕ್ಕೆ

ಹೊರಡುವ ದಿನ ಪ್ರತಿ ಕುಂಡವನ್ನೂ ಅಂಚಿನವರೆಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ. ಮೇಲಿನಿಂದ ಹಾಕಿದ ನೀರು ಮುಟ್ಟದ ಒಣ ಗೂಡುಗಳೂ ಹೀಗೆ ತೊಯ್ಯುತ್ತವೆ. ಮೋಡ ಕವಿದ ದಿನಗಳಾದರೆ ದೊಡ್ಡ ಕುಂಡಗಳಿಗೆ ಇಷ್ಟೂ ನೆರಳೂ ಸಾಕು. ಆಲದ ಜಾತಿಯವನ್ನು ಒಂದು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ ಹೋಗಬಹುದು. ಪೈನ್, ಜುನಿಪರ್, ಜೇಡ್‌ಗೆ ಇದು ಸಲ್ಲದು. ಬೆಣಚುಕಲ್ಲು ತುಂಬಿದ ನೀರಿನ ತಟ್ಟೆಯ ಮೇಲೆ ಕುಂಡವನ್ನು ಇಟ್ಟರೆ ಸುತ್ತಲ ಹವೆಗೆ ತುಸು ತೇವ ಸಿಗುತ್ತದೆ, ಬೇರಿಗೆ ಒಂದು ಹನಿಯೂ ಸಿಗುವುದಿಲ್ಲ. ಅದನ್ನು ನೀರುಣಿಸುವ ವ್ಯವಸ್ಥೆ ಎಂದು ನಂಬಬೇಡಿ.

ಒಂದು ವಾರಕ್ಕೆ: ಮರಳು, ಬತ್ತಿ

ನನಗೆ ಅತ್ಯಂತ ಇಷ್ಟವಾದ ಉಪಾಯ ಹಸಿ ಮರಳಿನದು, ಏಕೆಂದರೆ ಅದರಲ್ಲಿ ಕೆಡುವಂಥ ಭಾಗವೇ ಇಲ್ಲ. ಹತ್ತು ಹದಿನೈದು ಸೆಂಟಿಮೀಟರ್ ಆಳದ ಅಗಲವಾದ ತೊಟ್ಟಿಗೆ ತೊಳೆದ ಮರಳು ತುಂಬಿ, ನೀರು ಹೊಯ್ದು ಪೂರ್ತಿ ನೆನೆಸಿ. ಕುಂಡದ ತಳದ ರಂಧ್ರಗಳು ಮರಳಿಗೆ ಗಟ್ಟಿಯಾಗಿ ತಾಗುವಂತೆ, ಗೋಡೆ ಅರ್ಧ ಹುದುಗುವವರೆಗೆ ಒತ್ತಿ ಕೂರಿಸಿ. ಕುಂಡಕ್ಕೆ ಕಾಲುಗಳಿದ್ದರೆ ಮೊದಲು ತಳದಡಿಯ ಸಂದಿಗೆ ಮರಳು ತುಂಬಿ, ಇಲ್ಲವಾದರೆ ರಂಧ್ರ ಗಾಳಿಯಲ್ಲೇ ಉಳಿದುಬಿಡುತ್ತದೆ. ತೊಟ್ಟಿಯ ಪಕ್ಕದಲ್ಲಿ ತಳದಿಂದ ಮೂರು ಸೆಂಟಿಮೀಟರ್ ಎತ್ತರಕ್ಕೆ ಒಂದು ತೂತು ಇರಲಿ; ಮಳೆ ಬಂದರೂ ಕುಂಡ ನೀರಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಬತ್ತಿ. ದೀಪದ ಬತ್ತಿ ಎಣ್ಣೆ ಎಳೆಯುವ ರೀತಿಯಲ್ಲೇ ದಾರ ನೀರನ್ನು ಎಳೆದು ಕುಂಡಕ್ಕೆ ಮುಟ್ಟಿಸುತ್ತದೆ. ಹೆಣೆದ ಹತ್ತಿಯ ದಪ್ಪ ದಾರ ಸಾಕು. ಇಲ್ಲಿ ಎಡವುವುದು ಮೂರು ಕಡೆ. ಒಂದು, ದಾರವನ್ನು ಮೊದಲೇ ಪೂರ್ತಿ ನೆನೆಸದಿರುವುದು. ಒಣ ದಾರ ನೀರು ಹಿಡಿಯಲು ತಡಮಾಡುತ್ತದೆ. ಎರಡು, ಪಾತ್ರೆಯನ್ನು ಎಲ್ಲೆಂದರಲ್ಲಿ ಇಡುವುದು. ನೀರಿನ ಮಟ್ಟ ಕುಂಡಕ್ಕಿಂತ ಬಹಳ ಮೇಲಿದ್ದರೆ ನೀರು ಬೇಗನೆ ಇಳಿದು ಪಾತ್ರೆ ಬರಿದಾಗುತ್ತದೆ, ಬಹಳ ಕೆಳಗಿದ್ದರೆ ಏರುವುದೇ ಇಲ್ಲ. ಅಗಲ ಬಾಯಿಯ ತಗ್ಗು ಪಾತ್ರೆಯನ್ನು ಕುಂಡದ ಮಟ್ಟಕ್ಕಿಂತ ತುಸು ಕೆಳಗೆ ಇಟ್ಟರೆ ನೀರು ಖರ್ಚಾದರೂ ಮಟ್ಟ ಹೆಚ್ಚು ಕುಸಿಯುವುದಿಲ್ಲ. ಮೂರು, ಹರಳು ಮಿಶ್ರಣಕ್ಕೆ ದಾರ ಸರಿಯಾಗಿ ತಾಗದಿರುವುದು. ದಾರದ ತುದಿಯನ್ನು ಬೇರಿನ ನಡುವೆ ಎರಡು ಮೂರು ಸೆಂಟಿಮೀಟರ್ ಇಳಿಸಿ ಸುತ್ತಲೂ ಒದ್ದೆ ಪಾಚಿ ಒತ್ತಿದರೆ ಈ ತೊಂದರೆ ತಪ್ಪುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ, ದಾರ ಹೋಗುವಷ್ಟು ಮಾತ್ರ ತೂತು ಬಿಡಿ. ಸೊಳ್ಳೆಯೂ ಬರುವುದಿಲ್ಲ, ನೀರೂ ಆವಿಯಾಗುವುದಿಲ್ಲ.

ನೀರು ತುಂಬಿದ ಬಾಟಲಿಯನ್ನು ತಲೆಕೆಳಗಾಗಿ ನೆಡುವ ವಿಧಾನ ಹೂಕುಂಡಕ್ಕೆ ಸರಿಯಿರಬಹುದು. ಬೊನ್ಸಾಯ್‌ನ ತಗ್ಗು ಕುಂಡದಲ್ಲಿ ಬಾಟಲಿ ನಿಲ್ಲುವುದೂ ಇಲ್ಲ, ನಿಂತರೂ ಹರಳಿನ ನಡುವೆ ನೀರೆಲ್ಲ ಬೇಗನೆ ಸೋರಿಹೋಗುತ್ತದೆ.

ಅದಕ್ಕೂ ಹೆಚ್ಚಾದರೆ

ನಲ್ಲಿಗೆ ಜೋಡಿಸುವ ಟೈಮರ್, ಅದರಿಂದ ಹೊರಟ ಮುಖ್ಯ ಕೊಳವೆ, ಪ್ರತಿ ಕುಂಡಕ್ಕೂ ಒಂದು ಸಣ್ಣ ಕೊಳವೆ. ಹನಿ ನೀರಾವರಿಯ ಈ ಸಲಕರಣೆ ಸುಲಭವಾಗಿ ಸಿಗುತ್ತದೆ. ಆದರೆ ಹರಳು ಮಿಶ್ರಣದಲ್ಲಿ ಒಂದೇ ಕಡೆ ಬಿದ್ದ ಹನಿ ನೆಟ್ಟಗೆ ಕೆಳಗಿಳಿದು ಹೋಗುತ್ತದೆ; ಅಕ್ಕಪಕ್ಕದ ಬೇರು ಒಣಗಿಯೇ ಇರುತ್ತದೆ. ಹೀಗಾಗಿ ಕುಂಡಕ್ಕೆ ಎರಡು ಮೂರು ಹನಿಮೂತಿ ಇಡಿ ಅಥವಾ ಮೇಲ್ಮೈಯನ್ನೆಲ್ಲ ತೋಯಿಸುವ ಪುಟ್ಟ ತುಂತುರು ಮೂತಿ ಹಾಕಿ. ಒಂದೇ ಸಲ ಹತ್ತು ನಿಮಿಷ ಹರಿಸುವುದಕ್ಕಿಂತ ಬೆಳಿಗ್ಗೆ ಮೂರು ನಿಮಿಷ, ಅರ್ಧ ಗಂಟೆ ಬಿಟ್ಟು ಮತ್ತೆ ಮೂರು ನಿಮಿಷ ಎಂದು ಹೊಂದಿಸಿ. ಮೊದಲ ಸರದಿ ಒಣ ಮಣ್ಣನ್ನು ತೇವಗೊಳಿಸುತ್ತದೆ, ಎರಡನೆಯದನ್ನು ಅದು ಹೀರಿಕೊಳ್ಳುತ್ತದೆ.

ಮಹಡಿಯ ಟ್ಯಾಂಕಿನಿಂದ ನೀರು ಬರುವುದಾದರೆ ಕೊಳ್ಳುವ ಮುನ್ನ ಟೈಮರ್‌ನ ವಿವರ ಓದಿ. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಒಂದು ಮಹಡಿಯ ಎತ್ತರಕ್ಕೆ ಅದರ ಮೂರನೇ ಒಂದು ಭಾಗವೂ ಕಷ್ಟ. ಸೊಲೆನಾಯ್ಡ್ ಕವಾಟದ (ವಿದ್ಯುತ್ಕಾಂತದಿಂದ ತೆರೆಯುವಂಥ) ಹಲವು ಟೈಮರ್‌ಗಳು ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ತೆರೆಯುವುದಿಲ್ಲ. ಬಾಲ್ ವಾಲ್ವ್, ಅಂದರೆ ತೂತಿರುವ ಗುಂಡು ತಿರುಗಿ ತೆರೆಯುವ ಕವಾಟ, ಇರುವಂಥದ್ದು ಕೆಲಸ ಮಾಡುತ್ತದೆ. ಹೊಸ ಬ್ಯಾಟರಿ ಹಾಕಿ, ಸೋಸುಕ ಜೋಡಿಸಿ, ಒಂದು ವಾರ ಕೈಯಿಂದ ನೀರು ಹಾಕದೆ ಇದನ್ನೇ ನೆಚ್ಚಿ ನೋಡಿ. ಕಳಚಿಕೊಳ್ಳುವ ಕೊಳವೆ, ಕಟ್ಟಿಕೊಳ್ಳುವ ಮೂತಿ ಎಲ್ಲವೂ ಆ ವಾರದಲ್ಲೇ ಬೆಳಕಿಗೆ ಬರಲಿ.

ನೆರೆಯವರ ಕೈಗೆ ಒಪ್ಪಿಸುವಾಗ

ಎಷ್ಟೇ ಸಾಧನ ಇದ್ದರೂ ದಿನಕ್ಕೊಮ್ಮೆ ಬಂದು ನೋಡುವ ಒಬ್ಬರಿದ್ದರೆ ಅದಕ್ಕೆ ಸಮನಾದುದಿಲ್ಲ. ವಾಷಿಂಗ್ಟನ್‌ನ ರಾಷ್ಟ್ರೀಯ ಬೊನ್ಸಾಯ್ ಸಂಗ್ರಹಾಲಯದಲ್ಲಿ 1625ರಿಂದ ಬೊನ್ಸಾಯ್ ಆಗಿ ಬೆಳೆದುಬಂದಿರುವ ಬಿಳಿ ಪೈನ್ ಇದೆ. 1945ರಲ್ಲಿ ಹಿರೋಶಿಮಾದ ಬಾಂಬಿನಿಂದ ಪಾರಾದ ಈ ಮರವನ್ನು ಯಮಾಕಿ ಕುಟುಂಬ 1976ರಲ್ಲಿ ಅಮೆರಿಕಕ್ಕೆ ಕೊಡುಗೆಯಾಗಿ ನೀಡಿತು. ಮನೆ ಬದಲಾಗಿ, ದೇಶ ಬದಲಾಗಿ, ನೀರು ಹಾಕುವ ಕೈಗಳು ಎಷ್ಟೋ ಬಾರಿ ಬದಲಾಗಿಯೂ ಅದು ಇಂದಿಗೂ ಹಸಿರಾಗಿದೆ.

ಒಪ್ಪಿಕೊಂಡವರನ್ನು ಮೊದಲೇ ಕರೆದು, ಅವರ ಕೈಯಿಂದಲೇ ನೀರು ಹಾಕಿಸಿ. ಸಣ್ಣ ತೂತಿನ ಝಾರಿಯಿಂದ ತಳದಲ್ಲಿ ನೀರು ಹೊರಬರುವವರೆಗೆ ಹಾಕುವುದು, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕುವುದು, ಇಷ್ಟೇ ಪಾಠ. ದಿನವೂ ನೀರು ಬೇಕಾದ ಕುಂಡಗಳಿಗೆ ಒಂದು ಬಣ್ಣದ ಪಟ್ಟಿ, ಬೆರಳಿಟ್ಟು ನೋಡಿ ಒಣಗಿದ್ದರೆ ಮಾತ್ರ ಹಾಕಬೇಕಾದವಕ್ಕೆ ಇನ್ನೊಂದು ಅಂಟಿಸಿ. ನೀರು ಬೇಡದವನ್ನು ಅವರ ಕಣ್ಣಿಗೇ ಬೀಳದ ಕಡೆ ಇಡಿ, ಏಕೆಂದರೆ ಪ್ರೀತಿಯಿಂದ ನೋಡಿಕೊಳ್ಳುವವರು ಅವಕ್ಕೂ ನೀರು ಹಾಕಿಬಿಡುತ್ತಾರೆ. ಮಳೆ ಬಂದ ದಿನವೂ ಮಣ್ಣು ಮುಟ್ಟಿ ನೋಡಲು ಹೇಳಿ. ದಟ್ಟ ಎಲೆಗಳು ಹನಿಯನ್ನು ಕುಂಡದ ಹೊರಗೇ ಜಾರಿಸುತ್ತವೆ.

ಮರಳಿ ಬಂದ ಮೇಲೆ

ಚೀಲ ಕೆಳಗಿಟ್ಟು ಮೊದಲು ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ಮುಳುಗಿಸಿ ನೆನೆಸಿ. ನೆರಳಿಗೆ ಹೊಂದಿಕೊಂಡ ಎಲೆ ಒಮ್ಮೆಗೇ ಬಿಸಿಲಿಗೆ ಬಂದರೆ ಸುಡುವುದರಿಂದ ಒಂದು ವಾರದಲ್ಲಿ ಹಂತಹಂತವಾಗಿ ಹಳೆಯ ಜಾಗಕ್ಕೆ ತನ್ನಿ. ಎಲೆ ಪೂರ್ತಿ ಒಣಗಿದ್ದರೂ ಮರವನ್ನು ಕೂಡಲೇ ಎಸೆಯಬೇಡಿ. ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಎಲೆಯಿಲ್ಲದ ಮರ ನೀರನ್ನು ಬಹಳ ಕಡಿಮೆ ಬಳಸುತ್ತದೆ, ಆದ್ದರಿಂದ ಮರುಕದಿಂದ ದಿನವೂ ನೀರು ಸುರಿಯದೆ ಮೇಲ್ಮೈ ಒಣಗತೊಡಗಿದಾಗ ಮಾತ್ರ ಹಾಕಿ. ಹೊಸ ಚಿಗುರು ಬಂದು ಎಲೆ ಬಲಿಯುವವರೆಗೆ ಕತ್ತರಿ, ತಂತಿ, ಗೊಬ್ಬರ ಮೂರನ್ನೂ ದೂರವಿಡಿ.