ಹಳೆಯ ಬರೋಲೊ: ಬಿರಡೆಯಿಂದ ಗ್ಲಾಸಿನವರೆಗೆ

ಇಪ್ಪತ್ತು ವರ್ಷ ದಾಟಿದ ಬರೋಲೊ ಎಂಬ ಇಟಲಿಯ ಕೆಂಪು ವೈನ್ ತೆರೆಯುವುದಿದ್ದರೆ, ಮಲಗಿಸಿಟ್ಟ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸುತ್ತೇನೆ. ಅದನ್ನು ಮಾಡುವ, ಪಿಯೆಮೊಂಟೆ ಪ್ರಾಂತದ ನೆಬ್ಬಿಯೊಲೊ ದ್ರಾಕ್ಷಿಯಲ್ಲಿ ಬಣ್ಣ ಕಮ್ಮಿ, ಒಗರು ಜಾಸ್ತಿ. ವರ್ಷ ಕಳೆದಂತೆ ಇವೆರಡೂ ಅಂಟಿಕೊಂಡು ನುಣ್ಣನೆಯ ಗಸಿಯಾಗಿ ಇಳಿಯುತ್ತವೆ. ಅದು ಕದಡಿದರೆ ಬೇಗ ಕೂರುವುದಿಲ್ಲ, ಬಾಯಿಗೆ ಕಹಿ. ಅಲ್ಲಿನ ಆಲ್ಬಾ ಪಟ್ಟಣದಿಂದ ಸೂಟ್‌ಕೇಸಿನಲ್ಲಿ ಬೆಂಗಳೂರಿಗೆ ಬಂದ ಬಾಟಲಿಗೆ ಎರಡು ದಿನ ಸಾಲದು. ಎರಡು ಮೂರು ವಾರ ಮುಟ್ಟದೆ ಬಿಡಬೇಕು.

ಹಳೆಯ ಬಿರಡೆ ನೆನೆದು ಮೆತ್ತಗಾಗಿರುತ್ತದೆ. ಸುರುಳಿ ಓಪನರ್ ಹಾಕಿ ಎಳೆದರೆ ನಡುಭಾಗ ಮಾತ್ರ ಕಿತ್ತುಬಂದು ಅಂಚು ಗಾಜಿಗೇ ಅಂಟಿ ಉಳಿಯುತ್ತದೆ. ಅದಕ್ಕೇ ಎರಡು ಅಲಗಿನ ಓಪನರ್. ಉದ್ದದ ಅಲಗನ್ನು ಮೊದಲು ಬಿರಡೆಗೂ ಗಾಜಿಗೂ ನಡುವೆ ಇಳಿಸಿ, ಆಚೀಚೆ ತೂಗಿಸುತ್ತಾ ಪೂರ್ತಿ ಒಳಗೆ ಬಿಟ್ಟು, ತಿರುಗಿಸುತ್ತಾ ಮೇಲೆತ್ತಬೇಕು. ಬಿರಡೆ ಸಡಿಲವಿದ್ದು ಒಳಗೆ ಜಾರತೊಡಗಿದರೆ ಒತ್ತುವುದನ್ನು ಅಲ್ಲಿಗೇ ನಿಲ್ಲಿಸಿ. ಚೂರು ಬಿದ್ದರೆ ಸಣ್ಣ ಕಣ್ಣಿನ ಸ್ಟೀಲ್ ಜರಡಿ ಸಾಕು. ಕಾಫಿ ಫಿಲ್ಟರ್ ಕಾಗದ ಬೇಡ, ವೈನಿಗೆ ಕಾಗದದ ವಾಸನೆ ಹತ್ತಬಹುದು.

ಈಗ ಒಂದು ಗುಟುಕು ಬಗ್ಗಿಸಿ ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆಯಾದರೆ ಬಿರಡೆಯ ದೋಷ, ಎಷ್ಟು ಗಾಳಿಯಾಡಿಸಿದರೂ ಹೋಗದು. ಅಣಬೆ, ಹಸಿಮಣ್ಣು, ತುಕ್ಕಿನ ವಾಸನೆಗೆ ಹೆದರಬೇಕಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ಹಿಂದೆ ಸರಿದು ಒಣಗುಲಾಬಿಯ ಘಮ ಏಳುತ್ತದೆ. ಇಟ್ಟಿಗೆ ಬಣ್ಣದ ಅಂಚು ಕಂಡು ಕೆಟ್ಟಿದೆ ಎನ್ನುವವರೂ ಇದ್ದಾರೆ. ಬರೋಲೊ ಬಣ್ಣವೇ ಹಾಗೆ.

ಎಳೆಯ ಬರೋಲೊವನ್ನು ಡಿಕ್ಯಾಂಟರಿಗೆ (ಅಗಲ ತಳದ ಗಾಜಿನ ಹೂಜಿ) ಸುರಿದು ಮೂರು ನಾಲ್ಕು ಗಂಟೆ ಬಿಡಬಹುದು. ಹಳೆಯದಕ್ಕೆ ಅದೇ ಮಾಡಿದರೆ ಘಮವೆಲ್ಲ ಗಾಳಿಪಾಲು. ನಾನು ಅರ್ಧ ಗ್ಲಾಸ್ ತೆಗೆದು, ಬಾಟಲಿಯ ಬಾಯಿ ತೆರೆದು ತಂಪು ಜಾಗದಲ್ಲಿ ನಿಲ್ಲಿಸಿಡುತ್ತೇನೆ. ಹುಳಿ-ಒಗರು ಗಟ್ಟಿಯಾಗಿರುವ 1996ರಂಥ ಕೊಯ್ಲಿನ ವರ್ಷಕ್ಕೆ ನಾಲ್ಕು ಗಂಟೆ. ಬಿಸಿಲು ಹೆಚ್ಚಿದ್ದು ಬೇಗ ಮಾಗಿದ 1997ಕ್ಕೆ ಒಂದು ಗಂಟೆಯೇ ಬೇಕಾದಷ್ಟು. ಬರೋಲೊ ಬೆಳೆಯುವ ಊರುಗಳಲ್ಲಿ ಸೆರಲುಂಗಾ ದಾಲ್ಬಾದ ವೈನ್ ಮಾಗುವುದು ಸಾಮಾನ್ಯವಾಗಿ ಲಾ ಮೊರ್ರಾದ್ದಕ್ಕಿಂತ ನಿಧಾನ.

ಬಡಿಸುವ ಮುನ್ನ ಮಾತ್ರ ಡಿಕ್ಯಾಂಟರಿಗೆ. ಕುತ್ತಿಗೆಯ ಕೆಳಗೆ ಮೊಬೈಲ್ ಟಾರ್ಚ್ ಇಟ್ಟು, ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಬಗ್ಗಿಸಬೇಕು. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಒಳಗೆ ಅಲೆ ಎದ್ದು ಗಸಿ ಕಲಕುತ್ತದೆ. ಕಪ್ಪು ಎಳೆ ಬಾಟಲಿಯ ಭುಜಕ್ಕೆ ಬಂತೋ, ಸಾಕು. ತಳದಲ್ಲಿ ಉಳಿಯುವ 50 ಮಿಲಿಯಷ್ಟಕ್ಕೆ ಆಸೆಪಡಬೇಡಿ.

ಗ್ಲಾಸಿನಲ್ಲಿ 16ರಿಂದ 18 ಡಿಗ್ರಿ ಇರಲಿ. ಬೆಂಗಳೂರಿನ ಏಪ್ರಿಲ್ ಸೆಕೆಗೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಾಗಾಗಿ ತೆರೆಯುವ ಮುನ್ನ ಫ್ರಿಜ್ಜಿನಲ್ಲಿ ಅರ್ಧ ಗಂಟೆ, ನಿಲ್ಲಿಸಿಯೇ. ತೀರಾ ತಣ್ಣಗಾದರೆ ಒಗರು ನಾಲಿಗೆ ಹಿಡಿಯುತ್ತದೆ. ಅಗಲ ಹೊಟ್ಟೆಯ ಗ್ಲಾಸಿಗೆ 100 ಮಿಲಿ ಮೀರದಂತೆ ಹಾಕಿ.

ಜೊತೆಗೆ ಆಲ್ಬಾದಲ್ಲಾದರೆ ಬೆಣ್ಣೆ, ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ಅಣಬೆ) ಹಾಕಿದ ತಾಯರಿನ್ ಎಂಬ ಸಪೂರ ಪಾಸ್ತಾ. ನಮ್ಮಲ್ಲಿ ಬೆಣ್ಣೆಯಲ್ಲಿ ಹುರಿದ ಅಣಬೆ, ಹಳೆಯ ಪಾರ್ಮೆಸಾನ್ ಚೀಸ್. ಮೆಣಸಿನಕಾಯಿಯ ಖಾರಕ್ಕೆ ಒಗರು ಸೇರಿದರೆ ಉರಿ ಏರುತ್ತದಷ್ಟೇ. ಮಿಕ್ಕಿದ್ದನ್ನು ಸಣ್ಣ ಸೀಸೆಗೆ ಕಂಠಮಟ್ಟ ತುಂಬಿ ಫ್ರಿಜ್ಜಿನಲ್ಲಿಟ್ಟು, ಮಾರನೇ ದಿನವೇ ಮುಗಿಸಿ.