ಮೊದಲ ಸಲ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೀರಾ? ಏನೇನು ನಡೆಯುತ್ತದೆ, ಏನು ಕೇಳಬೇಕು

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೂ ಕೌನ್ಸೆಲಿಂಗ್ ಬೋರ್ಡ್ ಕಣ್ಣಿಗೆ ಬೀಳುತ್ತದೆ. ಒಂದರಲ್ಲಿ ಸೈಕಾಲಜಿಸ್ಟ್ ಎಂದಿರುತ್ತದೆ, ಇನ್ನೊಂದರಲ್ಲಿ ಥೆರಪಿಸ್ಟ್, ಮತ್ತೊಂದರಲ್ಲಿ ಲೈಫ್ ಕೋಚ್. ಹೊಸಬರಿಗೆ ಮೊದಲ ಗೊಂದಲ ಇಲ್ಲೇ ಶುರು.

ಯಾರ ಹತ್ತಿರ ಹೋಗಬೇಕು?

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದ ಡಾಕ್ಟರ್. ಮಾತ್ರೆ ಬರೆಯುವುದು ಅವರ ಕೆಲಸ. ಕೌನ್ಸೆಲರ್ ಮಾತ್ರೆ ಬರೆಯುವ ಹಾಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. ಆ ನೋಂದಣಿ ನಂಬರ್ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅಲ್ಲಿಗೆ ಹೋಗಬೇಡಿ.

ಉಳಿದ ಕೌನ್ಸೆಲರ್‌ಗಳಲ್ಲಿ ಸೈಕಾಲಜಿ ಎಂಎ, ಎಂಎಸ್ಸಿ ಓದಿದವರಿದ್ದಾರೆ, ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮಾಡಿದವರಿದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಇಂಥ ವೃತ್ತಿಗಳಿಗಾಗಿ 2021ರಲ್ಲಿ ಒಂದು ಕೇಂದ್ರ ಕಾಯ್ದೆ ಬಂದಿದೆ, ನಿಜ. ಆದರೂ ಸದ್ಯಕ್ಕೆ ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ ಎಂದು ವಿಚಾರಿಸಿಕೊಳ್ಳುವ ಕೆಲಸ ನಮ್ಮದೇ. ಲೈಫ್ ಕೋಚ್ ಆಗಲು ಇಂಥದೇ ಡಿಗ್ರಿ ಬೇಕೆಂಬ ನಿಯಮ ಇಲ್ಲ.

ರಾತ್ರಿಗಳೆಲ್ಲ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆ ಎಂದರೆ ಮೊದಲು ಸೈಕಿಯಾಟ್ರಿಸ್ಟ್ ನೋಡಿ. ಸಾಯಬೇಕು ಅನ್ನಿಸುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಮನೆಯವರಿಗೆ ಹೇಳಿ, ಈಗಲೇ 14416ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. 14416 ಸರ್ಕಾರದ ಟೆಲಿ ಮಾನಸ್ ನಂಬರ್. ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫೋನ್ ಮಾಡಿದಾಗ

ಫೀಸ್ ಎಷ್ಟು, ಸೆಷನ್ ಎಷ್ಟು ಹೊತ್ತು, ಕೊನೇ ಗಳಿಗೆಯಲ್ಲಿ ಬರಲಾಗದಿದ್ದರೆ ದುಡ್ಡು ಕಟ್ಟಬೇಕಾ ಎಂದು ಮೊದಲೇ ಕೇಳಿ. ಬೆಂಗಳೂರಿನಲ್ಲಿ ಒಂದು ಸೆಷನ್‌ಗೆ ಸಾವಿರದಿಂದ ಎರಡೂವರೆ ಸಾವಿರ ಕೇಳುವುದು ಸಾಮಾನ್ಯ. ಇನ್ನೂ ಜಾಸ್ತಿ ತೆಗೆದುಕೊಳ್ಳುವವರೂ ಇದ್ದಾರೆ. ಕೆಲವರು ಕೈ ಬಿಗಿ ಇದ್ದವರಿಗೆ ಕಡಿಮೆ ಮಾಡುತ್ತಾರೆ, ಆದರೆ ನೀವಾಗಿ ಬಾಯಿಬಿಟ್ಟು ಕೇಳಬೇಕು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುವುದರಿಂದ ಸೆಷನ್ ಖರ್ಚು ನಿಮ್ಮ ಜೇಬಿನದೇ ಅಂದುಕೊಳ್ಳಿ.

ಕನ್ನಡ ಬರುತ್ತದಾ ಎಂದು ಕೇಳಲು ಮರೆಯಬೇಡಿ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಆಡುವವರಿಗೂ ಮನೆಯ ಜಗಳ ಕನ್ನಡದಲ್ಲೇ ಆಗುತ್ತದಲ್ವಾ? ಅತ್ತೆ ಚುಚ್ಚಿ ಆಡಿದ ಮಾತನ್ನು, ಅಪ್ಪ ಬೈದದ್ದನ್ನು ಆಡಿದ ಹಾಗೇ ಹೇಳುವಂತಿರಬೇಕು. ನಮ್ಮ ಕೂಡುಕುಟುಂಬ, ಆಸ್ತಿ ಪಾಲು, ಜಾತಿ, ಹರಕೆ ಇವನ್ನೆಲ್ಲ ಬುಡದಿಂದ ವಿವರಿಸುವ ಹೊತ್ತಿಗೆ ಅರ್ಧ ಸೆಷನ್ ಕಳೆದಿರುತ್ತದೆ.

ಮೊದಲ ದಿನ

ಹೋದ ತಕ್ಷಣ ಒಂದು ಫಾರಂ ತುಂಬಿಸುತ್ತಾರೆ. ಹೆಸರು, ವಯಸ್ಸು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬಿತ್ಯಾದಿ. ಜೊತೆಗೆ ಒಪ್ಪಿಗೆ ಪತ್ರ ಇರುತ್ತದೆ. ಓದಿಯೇ ಸಹಿ ಹಾಕಿ. ಫೀಸು, ರದ್ದು ಮಾಡುವ ನಿಯಮ, ಗುಟ್ಟಿನ ವಿಚಾರ ಎಲ್ಲ ಅದರಲ್ಲೇ ಇರುತ್ತದೆ.

ಸೆಷನ್ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಮೊದಲನೆಯದರಲ್ಲಿ ಅವರ ಪ್ರಶ್ನೆಗಳೇ ಜಾಸ್ತಿ. ನಿದ್ದೆ, ಊಟ, ಕೆಲಸ, ಮನೆಯಲ್ಲಿ ಯಾರ್ಯಾರಿದ್ದಾರೆ, ಕುಡಿಯುತ್ತೀರಾ, ಹಿಂದೆ ಚಿಕಿತ್ಸೆ ಆಗಿದೆಯಾ, ಸಾಯುವ ಯೋಚನೆ ಬಂದಿತ್ತಾ? ಕೊನೆಯ ಪ್ರಶ್ನೆಗೆ ಗಾಬರಿಯಾಗಬೇಡಿ. ಹೆಚ್ಚುಕಡಿಮೆ ಎಲ್ಲರನ್ನೂ ಕೇಳುತ್ತಾರೆ. ಕೆಲವರು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಕಳೆದ ಎರಡು ವಾರ ಹೇಗಿತ್ತು ಎಂದು ನೆನೆಸಿಕೊಂಡು ಗುರುತು ಹಾಕಬೇಕು. ಅದು ಪರೀಕ್ಷೆ ಅಲ್ಲ, ಖಿನ್ನತೆ ಎಷ್ಟರ ಮಟ್ಟಿಗಿದೆ ಎಂದು ಅಂದಾಜು ಮಾಡಲು ಅಷ್ಟೇ.

ಎಲ್ಲವನ್ನೂ ಅಂದೇ ಹೇಳಿ ಮುಗಿಸಬೇಕಿಲ್ಲ. "ಅದರ ಬಗ್ಗೆ ಈಗ ಬೇಡ" ಎಂದರೆ ಸಾಕು. ಎಲ್ಲಿಂದ ಶುರು ಮಾಡಬೇಕೋ ತಿಳಿಯದಿದ್ದರೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿ: ಏನು ಕಾಡುತ್ತಿದೆ, ಯಾವಾಗಿನಿಂದ, ಇದರಿಂದ ಯಾವ ಕೆಲಸ ನಿಂತಿದೆ, ಏನು ಬದಲಾದರೆ ಸಮಾಧಾನ. ಅಳು ಬಂದರೆ ಅಳಿ. ಅಲ್ಲಿ ಟಿಶ್ಯೂ ಡಬ್ಬ ಇಟ್ಟಿರುವುದೇ ಅದಕ್ಕೆ. ಮುಗಿದ ಮೇಲೆ ಸುಸ್ತಾಗುತ್ತದೆ, ಹಾಗಾಗಿ ಹಿಂದೆಯೇ ಆಫೀಸ್ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಮೊದಲ ಸೆಷನ್ ಮುಗಿಸಿದ ಬಹಳ ಜನ ಬೇಸರದಿಂದ ಹೇಳುವುದು ಒಂದೇ ಮಾತು: "ಅವರು ಏನೂ ಹೇಳಲೇ ಇಲ್ಲ." ನಮಗೆ ಹಿರಿಯರ ಬುದ್ಧಿಮಾತು ಕೇಳಿ ರೂಢಿ. ಡಿವೋರ್ಸ್ ತಗೋ, ಬೇಡ, ಸಹಿಸಿಕೋ ಎಂದು ಯಾರಾದರೂ ತೀರ್ಪು ಕೊಡಲಿ ಎಂದು ಕಾಯುತ್ತೇವೆ. ಒಳ್ಳೆಯ ಕೌನ್ಸೆಲರ್ ಅದನ್ನು ಮಾಡುವುದಿಲ್ಲ. ನೀವೇ ತೀರ್ಮಾನಕ್ಕೆ ಬರುವಂತೆ ಕೇಳುತ್ತಾ ಹೋಗುತ್ತಾರೆ. ನನ್ನ ಮಟ್ಟಿಗೆ, ಮೊದಲ ದಿನವೇ ತೀರ್ಪು ಕೊಡುವವರ ಬಗ್ಗೆಯೇ ಅನುಮಾನ ಪಡಬೇಕು.

ಹೇಳಿದ್ದು ಹೊರಗೆ ಹೋಗುತ್ತದಾ?

ಚಿಕಿತ್ಸೆ ಪಡೆಯುವವರ ಗುಟ್ಟು ಕಾಪಾಡುವುದನ್ನು 2017ರ ಕಾಯ್ದೆ ಹಕ್ಕು ಎಂದೇ ಹೇಳುತ್ತದೆ. ಫೀಸ್ ಕಟ್ಟುವವರು ಗಂಡನೋ ಅಪ್ಪನೋ ಆಗಿದ್ದರೂ ನಿಮ್ಮ ಒಪ್ಪಿಗೆ ಇಲ್ಲದೆ ಅವರಿಗೆ ಕಥೆ ಹೇಳುವಂತಿಲ್ಲ. ಆದರೆ ಇದಕ್ಕೆ ಮಿತಿ ಇದೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಕೋರ್ಟ್ ಆದೇಶ ಬಂದರೆ ಹೇಳಬಹುದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ ಕಾಯ್ದೆಯ ಪ್ರಕಾರ ದೂರು ಕೊಡಲೇಬೇಕು. 18 ತುಂಬದ ಮಕ್ಕಳನ್ನು ಕರೆದೊಯ್ಯುವವರು, ಕೌನ್ಸೆಲರ್ ಅಪ್ಪ ಅಮ್ಮನಿಗೆ ಏನು ತಿಳಿಸುತ್ತಾರೆ, ಏನು ತಿಳಿಸುವುದಿಲ್ಲ ಎಂದು ಮೊದಲ ದಿನವೇ ಮಗುವಿನ ಎದುರಿಗೇ ಮಾತಾಡಿಕೊಳ್ಳಿ.

ಸಣ್ಣ ಊರಿನಲ್ಲಿ ಕೌನ್ಸೆಲರ್ ಯಾವುದೋ ಮದುವೆ ಮನೆಯಲ್ಲಿ ಎದುರಾದರೆ ಅವರಾಗಿ ನಿಮ್ಮನ್ನು ಮಾತಾಡಿಸಲಿಕ್ಕಿಲ್ಲ. ಜಂಬ ಅಂದುಕೊಳ್ಳಬೇಡಿ, ನಿಮ್ಮ ಗುಟ್ಟಿಗಾಗಿಯೇ ಹಾಗೆ.

ಆಮೇಲೆ

ಸಾಮಾನ್ಯವಾಗಿ ವಾರಕ್ಕೊಂದು ಸೆಷನ್, ನಂತರ ಹದಿನೈದು ದಿನಕ್ಕೊಂದು. ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸುವ ಸಿಬಿಟಿ ಎಂಬ ಪದ್ಧತಿಯಲ್ಲಿ ಹೋಂವರ್ಕ್ ಇರುತ್ತದೆ. ಯಾವಾಗ ಎದೆ ಡವಗುಟ್ಟಿತು, ಆಗ ತಲೆಯಲ್ಲಿ ಏನು ಓಡುತ್ತಿತ್ತು, ಏನು ಮಾಡಿದಿರಿ ಎಂದು ಬರೆದಿಡಬೇಕು. ಬರೆಯದೆ ಹೋದರೆ ಯಾರೂ ಬೈಯುವುದಿಲ್ಲ, ಆದರೆ ನಿಮ್ಮ ದುಡ್ಡೇ ದಂಡ. ಹಳೆಯ ನೋವು ಕೆದಕಿದ ವಾರ ಮನಸ್ಸು ಮೊದಲಿಗಿಂತ ಭಾರ ಅನ್ನಿಸಬಹುದು. ಅದನ್ನೂ ಅವರಿಗೆ ಹೇಳಿ.

ಮೂರ್ನಾಲ್ಕು ಸೆಷನ್ ನೋಡಿ. ಹೊಂದಾಣಿಕೆ ಆಗದಿದ್ದರೆ ಬೇರೆಯವರನ್ನು ಹುಡುಕಿ. ಕೌನ್ಸೆಲರ್‌ಗಳಿಗೆ ಇದು ಹೊಸದೇನಲ್ಲ, ಕೇಳಿದರೆ ಅವರೇ ಇನ್ನೊಬ್ಬರ ಹೆಸರು ಹೇಳುತ್ತಾರೆ. ಕೆಲವು ಸಂದರ್ಭದಲ್ಲಿ ಮಾತ್ರ ಮೂರ್ನಾಲ್ಕರವರೆಗೂ ಕಾಯಬೇಡಿ: ಬೇರೆ ಕ್ಲೈಂಟ್‌ಗಳ ಕಥೆ ನಿಮಗೆ ಹೇಳಿದರೆ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಎಂದರೆ, ಇಷ್ಟೇ ಸೆಷನ್‌ನಲ್ಲಿ ವಾಸಿ ಎಂದು ಗ್ಯಾರಂಟಿ ಕೊಟ್ಟರೆ, ಮೈಮುಟ್ಟಿ ಸಲಿಗೆ ತೋರಿಸಿದರೆ, ಸಲಿಂಗ ಪ್ರೀತಿಯನ್ನು "ಸರಿಮಾಡುತ್ತೇನೆ" ಎಂದರೆ.

ಆನ್‌ಲೈನ್ ಸೆಷನ್ ಆದರೆ ಇಯರ್‌ಫೋನ್ ಮತ್ತು ಬಾಗಿಲು ಹಾಕಿದ ಕೋಣೆ ಬೇಕು. ಮನೆಯಲ್ಲಿ ಅಂಥ ಕೋಣೆ ಇಲ್ಲದವರು ನಿಲ್ಲಿಸಿದ ಕಾರಿನಲ್ಲೋ ಟೆರೇಸಿನ ಮೇಲೋ ಕೂತು ಮಾತಾಡುವುದುಂಟು.

ಇಷ್ಟು ಖರ್ಚು ಆಗದು ಎನ್ನುವವರು ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಗಳೆಂದರೆ ಬೆಂಗಳೂರಿನ ಕಡೆಯವರಿಗೆ ನಿಮ್ಹಾನ್ಸ್ ಇದೆ, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್. ಎಲ್ಲಿಗೇ ಹೋದರೂ ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿಕೊಳ್ಳಿ, ಹಳೆಯ ಮಾತ್ರೆ ಚೀಟಿಗಳಿದ್ದರೆ ಜೊತೆಗೆ ಒಯ್ಯಿರಿ.