ಸೊಗಡು ಅವರೆಕಾಳಿನ ಬಾತ್: ನಾನು ಮಾಡುವ ರೀತಿ

ಡಿಸೆಂಬರ್, ಜನವರಿ ಬಂತೆಂದರೆ ಬೆಂಗಳೂರು, ಮಾಗಡಿ, ಕೋಲಾರದ ಕಡೆ ಅಡುಗೆಮನೆಗಳಲ್ಲಿ ಅವರೆಕಾಯಿಯದೇ ರಾಜ್ಯ. ಉಪ್ಪಿಟ್ಟಿಗೂ ಅದೇ, ಸಾರಿಗೂ ಅದೇ, ರೊಟ್ಟಿಗೂ ಅದೇ. ನನಗೆ ಮಾತ್ರ ಎಲ್ಲಕ್ಕಿಂತ ಇಷ್ಟ ಅವರೆಕಾಳು ಬಾತ್.

ಇದರಲ್ಲಿ ನನ್ನ ಹಟ ಒಂದೇ. ಕಾಳಿನ ಸೊಗಡು ಮುಂದಿರಬೇಕು, ಮಸಾಲೆ ಅದರ ಹಿಂದೆ. ಅದಕ್ಕೇ ಕಾಯಿ ಕೊಳ್ಳುವಾಗಲೇ ಮೂಸಿ ನೋಡುತ್ತೇನೆ. ಸಿಪ್ಪೆ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು, ಆ ವಾಸನೆ ಕೈಯಲ್ಲಿ ಉಳಿಯಬೇಕು. ಸುಲಿದ ಕಾಳೂ ಸಿಗುತ್ತದೆ, ಆದರೆ ಎಷ್ಟು ಹೊತ್ತಿಗೆ ಸುಲಿದದ್ದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಮನೆಯಲ್ಲೇ ಸುಲಿಯಿರಿ, ಹುಳ ಕಂಡರೆ ತೆಗೆದುಹಾಕಿ. ಬಾತಿಗೆ ಕಾಳನ್ನು ಹಿತಕಬೇಡಿ. ಮೇಲಿನ ಸಿಪ್ಪೆ ಇದ್ದರೇನೇ ಕಾಳು ಇಡಿಯಾಗಿ ಉಳಿಯುತ್ತದೆ.

ಎರಡು ಲೋಟ ಸೋನಾ ಮಸೂರಿಗೆ ಒಂದೂವರೆ ಲೋಟ ಕಾಳು. ಬಲಿತ ಕಾಳಾದರೆ ಸ್ವಲ್ಪ ಉಪ್ಪು ಹಾಕಿ 10 ನಿಮಿಷ ಬೇಯಿಸಿಕೊಳ್ಳುತ್ತೇನೆ. ಆ ನೀರನ್ನು ಚೆಲ್ಲುವ ಮಾತೇ ಇಲ್ಲ, ಅಕ್ಕಿ ಬೇಯಬೇಕಾದ್ದು ಅದರಲ್ಲೇ.

ಒಂದು ದೊಡ್ಡ ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕೈದು ಎಲೆ ಪುದೀನ, 6 ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಎರಡು ಚಮಚ ಕಾಯಿತುರಿ, ಒಂದು ತುಂಡು ಚಕ್ಕೆ, 3 ಲವಂಗ. ಇಷ್ಟನ್ನೂ ರುಬ್ಬಿ. ಏಲಕ್ಕಿ, ಅನಾನಸ್ ಹೂವು ಬೇಡ. ಅವು ಸೊಗಡನ್ನು ನುಂಗಿಬಿಡುತ್ತವೆ.

ಕುಕ್ಕರಿನಲ್ಲಿ ಎಣ್ಣೆ, ಜೊತೆಗೆ ಒಂದು ಚಮಚ ತುಪ್ಪ. ಈರುಳ್ಳಿ ಬಾಡಿಸಿ, ಹೆಚ್ಚಿದ ಮೆಂತ್ಯ ಸೊಪ್ಪು, ಒಂದು ಟೊಮೆಟೊ ಹಾಕಿ. ಮೆಂತ್ಯದ ಕಹಿ ಅವರೆಯ ಸಿಹಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಇದನ್ನು ಬಿಡಬೇಡಿ. ಆಮೇಲೆ ರುಬ್ಬಿದ ಮಸಾಲೆ. ಇಲ್ಲಿ ಅವಸರ ಬೇಡ. ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಬಿಡುವ ತನಕ ಸಣ್ಣ ಉರಿಯಲ್ಲೇ ಹುರಿಯಿರಿ. ನಂತರ ಕಾಳು ಹಾಕಿ ಎರಡು ನಿಮಿಷ ಕೈಯಾಡಿಸಿ, ತೊಳೆದ ಅಕ್ಕಿ ಹಾಕಿ. ಕಾಳು ಬೇಯಿಸಿದ ನೀರೂ ಸೇರಿ ಒಟ್ಟು ನಾಲ್ಕು ಲೋಟ ನೀರು. ಉಪ್ಪು ಹಾಕಿ ನೀರಿನ ರುಚಿ ನೋಡಿ, ನಾಲಿಗೆಗೆ ಒಂಚೂರು ಜಾಸ್ತಿ ಅನಿಸಿದರೆ ಅನ್ನಕ್ಕೆ ಸರಿಹೋಗುತ್ತದೆ.

ಎರಡು ವಿಷಲ್ ಸಾಕು. ಪ್ರೆಶರ್ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು, ನಿಂಬೆರಸ ಹಿಂಡಿ ಮೆಲ್ಲಗೆ ಕಲಸಿ. ಜೊತೆಗೆ ಈರುಳ್ಳಿ ಮೊಸರುಬಜ್ಜಿ.

ಅವರೆ ಕಾಲ ಮುಗಿದ ಮೇಲೆ ಒಣಕಾಳನ್ನು ರಾತ್ರಿ ನೆನೆಹಾಕಿ, ಮುಂಚೆಯೇ ಬೇಯಿಸಿಕೊಂಡು ಮಾಡುತ್ತೇನೆ. ಅದರಲ್ಲಿ ಸೊಗಡು ಇರುವುದಿಲ್ಲ, ಹಾಗಾಗಿ ಏಲಕ್ಕಿ, ಅನಾನಸ್ ಹೂವು ಧಾರಾಳವಾಗಿ ಹಾಕಬಹುದು.